ಇಂಗ್ಲೆಂಡಿನ ಸಿಂಹಾಸನ ಮತ್ತು ಕ್ಯಾಥೊಲಿಕ್–ಪ್ರೊಟೆಸ್ಟಂಟ್ ಪೈಪೋಟಿ: ಈ ಅಧ್ಯಾಯವನ್ನು ಓದುವ ಬಗೆ

ಇಂಗ್ಲೆಂಡಿನ ಇತಿಹಾಸದಲ್ಲಿ 1534ರಿಂದ 1701ರವರೆಗಿನ ಭಾಗವನ್ನು ಓದಲು ಕೂತ ವಿದ್ಯಾರ್ಥಿ ಮೊದಲು ಎಡವುವುದು ಹೆಸರುಗಳಲ್ಲಿ. ಮೇರಿ ಎಂಬವರೇ ನಾಲ್ವರು ಬರುತ್ತಾರೆ: ಎಂಟನೆಯ ಹೆನ್ರಿಯ ಹಿರಿಯ ಮಗಳು ಒಬ್ಬಳು, ಸ್ಕಾಟ್ಲೆಂಡಿನ ರಾಣಿ ಇನ್ನೊಬ್ಬಳು, ಎರಡನೆಯ ಜೇಮ್ಸನ ಎರಡನೆಯ ಹೆಂಡತಿ ಮತ್ತೊಬ್ಬಳು, ಅದೇ ಜೇಮ್ಸನ ಮೊದಲ ಹೆಂಡತಿಯ ಮಗಳು ನಾಲ್ಕನೆಯವಳು. ಮೊದಲ ಮೂವರು ಕ್ಯಾಥೊಲಿಕರು, ಕೊನೆಯವಳು ಪ್ರೊಟೆಸ್ಟಂಟ್. ಇವರನ್ನು ಬೇರೆ ಬೇರೆ ಮಾಡಿಕೊಳ್ಳದೆ ಮುಂದೆ ಹೋದರೆ ಒಬ್ಬಳ ತಲೆ ಹೋದದ್ದನ್ನು ಇನ್ನೊಬ್ಬಳ ಲೆಕ್ಕಕ್ಕೆ ಬರೆಯುವ ಉತ್ತರಪತ್ರಿಕೆಗಳು ಹುಟ್ಟುತ್ತವೆ. ವಿಜಯಪುರದಲ್ಲಿ ಇತಿಹಾಸ ಹೇಳುತ್ತ ಬಂದಿರುವ ನಾನು ಅಂಥವನ್ನು ಸಾಕಷ್ಟು ತಿದ್ದಿದ್ದೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕಾಲೇಜುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಯುರೋಪಿನ ಇತಿಹಾಸ ಓದುವವರಿಗೂ ಅದನ್ನು ಮೊದಲ ಸಲ ಪಾಠ ಮಾಡಲಿರುವ ಉಪನ್ಯಾಸಕರಿಗೂ ಉಪಯೋಗವಾಗಲೆಂದು ಈ ಕ್ರಮವನ್ನು ಬರೆಯುತ್ತಿದ್ದೇನೆ.

ಈ ಪೈಪೋಟಿಯನ್ನು ಮತತತ್ತ್ವದ ಕಡೆಯಿಂದ ಹಿಡಿಯದೆ ವಾರಸುದಾರಿಕೆಯ ಕಡೆಯಿಂದ ಹಿಡಿಯಬೇಕೆಂಬುದು ನನ್ನ ಕ್ರಮದ ತಿರುಳು. ಊರಿನ ಚರ್ಚಿನಲ್ಲಿ ಯಾವ ಪ್ರಾರ್ಥನೆ ನಡೆಯಬೇಕೆಂಬುದನ್ನು ಸಿಂಹಾಸನ ನಿರ್ಧರಿಸುತ್ತಿತ್ತು, ಸಿಂಹಾಸನ ಯಾರಿಗೆಂಬುದನ್ನು ಹುಟ್ಟು ನಿರ್ಧರಿಸುತ್ತಿತ್ತು. ಆದ್ದರಿಂದ ದೊರೆಯ ಮದುವೆ, ಅವನ ಮಕ್ಕಳ ಸಕ್ರಮತೆ, ರಾಣಿಯ ಬಸಿರು ಇವೆಲ್ಲ ದೇಶದ ಮತದ ಪ್ರಶ್ನೆಗಳೇ ಆಗಿದ್ದವು. 1553ರಲ್ಲಿ ಹುಟ್ಟಿನ ಹಕ್ಕು ಮತವನ್ನು ಸೋಲಿಸಿತು. 1688ರಲ್ಲಿ ಮತವು ಹುಟ್ಟಿನ ಹಕ್ಕನ್ನು ಸೋಲಿಸಿತು. ಈ ಎರಡು ಇಸವಿಗಳ ನಡುವಿನ 135 ವರ್ಷಗಳಲ್ಲಿ ತಕ್ಕಡಿ ಹೇಗೆ ವಾಲಿತೆಂಬುದನ್ನು ವಿವರಿಸಬಲ್ಲವನಿಗೆ ಅಧ್ಯಾಯ ಕೈಗೆ ಬಂದಂತೆ.

ಮೊದಲು ವಂಶವೃಕ್ಷ

ಪುಸ್ತಕ ತೆರೆಯುವ ಮೊದಲು ಗೋಡೆಯ ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಯೊಂದನ್ನು ತಿರುವಿ, ಖಾಲಿ ಬದಿಯನ್ನು ಅಡ್ಡಲಾಗಿ ಹಾಸಿಕೊಳ್ಳಿರಿ. ನೋಟುಬುಕ್ಕಿನ ಪುಟ ಸಾಲದು, ಏಕೆಂದರೆ ಈ ವಂಶ ಬಲಗಡೆಗೆ ಬಹಳ ಚಾಚುತ್ತದೆ. ಮೇಲೆ ನಡುವೆ ಏಳನೆಯ ಹೆನ್ರಿಯ ಹೆಸರು ಬರೆದು, ಅವನ ಕೆಳಗೆ ಎಡಕ್ಕೆ ಮಗ ಎಂಟನೆಯ ಹೆನ್ರಿಯನ್ನೂ ಬಲಕ್ಕೆ 1503ರಲ್ಲಿ ಸ್ಕಾಟ್ಲೆಂಡಿನ ದೊರೆಗೆ ಕೊಟ್ಟ ಮಗಳು ಮಾರ್ಗರೆಟಳನ್ನೂ ಇಡಿರಿ. ಎಡಗಡೆ ಮೂವರು ಹೆಂಡಿರು, ಮೂವರು ಮಕ್ಕಳು: ಕ್ಯಾಥರೀನಳಿಗೆ ಮೇರಿ (1516), ಆ್ಯನ್ ಬೊಲಿನಳಿಗೆ ಎಲಿಜಬೆತ್ (1533), ಜೇನ್ ಸೀಮೋರಳಿಗೆ ಎಡ್ವರ್ಡ್ (1537). ಹೆನ್ರಿಗೆ ಒಟ್ಟು ಆರು ಹೆಂಡಿರಿದ್ದರೂ ಉಳಿದ ಮೂವರು ಈ ಹಾಳೆಗೆ ಬೇಕಿಲ್ಲ. ಬಲಗಡೆ ಮಾರ್ಗರೆಟಳ ಮಗ ಐದನೆಯ ಜೇಮ್ಸ್, ಅವನ ಮಗಳು ಸ್ಕಾಟ್ಲೆಂಡಿನ ರಾಣಿ ಮೇರಿ, ಅವಳ ಮಗ ಮುಂದೆ ಇಂಗ್ಲೆಂಡಿಗೆ ಮೊದಲನೆಯ ಜೇಮ್ಸನಾದವನು. ಅವನಿಂದ ಎರಡು ಕವಲು ತೆಗೆಯಿರಿ: ಒಂದು ಮಗ ಮೊದಲನೆಯ ಚಾರ್ಲ್ಸನದು, ಇನ್ನೊಂದು ಬೊಹೀಮಿಯಾದ ರಾಣಿಯಾದ ಮಗಳು ಎಲಿಜಬೆತ್ ಮತ್ತು ಅವಳ ಮಗಳು ಸೋಫಿಯಾಳದು. ಚಾರ್ಲ್ಸನ ಕೆಳಗೆ ಎರಡನೆಯ ಚಾರ್ಲ್ಸ್, ಡಚ್ ಮನೆತನಕ್ಕೆ ಹೋದ ಮೇರಿ, ಎರಡನೆಯ ಜೇಮ್ಸ್ ಬರುತ್ತಾರೆ. ಈಗ ಬಂದ ಮೇರಿಯ ಮಗನೇ ಆರೆಂಜಿನ ವಿಲಿಯಂ. ಇವಳನ್ನೂ ಸೇರಿಸಿದರೆ ಮೇರಿಯರು ಐವರಾಗುತ್ತಾರೆ. ಇವಳು ಕೊಂಡಿ ಮಾತ್ರವಾದ್ದರಿಂದ ನಾನು ಎಣಿಕೆಗೆ ಹಿಡಿಯಲಿಲ್ಲ.

ಈಗ ಕೆಂಪು ಪೆನ್ನಿನಿಂದ ಕ್ಯಾಥೊಲಿಕರ ಸುತ್ತ, ನೀಲಿ ಪೆನ್ನಿನಿಂದ ಪ್ರೊಟೆಸ್ಟಂಟರ ಸುತ್ತ ಗೆರೆ ಎಳೆಯಿರಿ. ಕೆಲವರ ಹತ್ತಿರ ಪೆನ್ನು ತಾನೇ ನಿಲ್ಲುತ್ತದೆ. ಎಂಟನೆಯ ಹೆನ್ರಿ ರೋಮನ್ನು ಬಿಟ್ಟನಾದರೂ 1539ರ ಆರು ವಿಧಿಗಳ ಶಾಸನದಲ್ಲಿ ಹಳೆಯ ಪೂಜಾವಿಧಿಯನ್ನೂ ಪಾದ್ರಿಗಳ ಬ್ರಹ್ಮಚರ್ಯವನ್ನೂ ಉಳಿಸಿಕೊಂಡನು. ಅವನಿಗೆ ಪೆನ್ಸಿಲಿನ ಗೆರೆ ಸಾಕು. ಎರಡನೆಯ ಚಾರ್ಲ್ಸನ ಸುತ್ತ ನೀಲಿ ಗೆರೆ ಎಳೆದು, 1685ರ ಫೆಬ್ರುವರಿಯಲ್ಲಿ ಮರಣಶಯ್ಯೆಯಲ್ಲಿ ಕ್ಯಾಥೊಲಿಕ್ ಸಭೆಗೆ ಸೇರಿದ್ದರಿಂದ ಪಕ್ಕಕ್ಕೊಂದು ಕೆಂಪು ಚುಕ್ಕೆ ಇಡಿರಿ. ಎರಡನೆಯ ಜೇಮ್ಸ್ ಬೆಳೆದದ್ದು ನೀಲಿಯಲ್ಲಿ, ಆಳಿದ್ದು ಕೆಂಪಿನಲ್ಲಿ. ಅವನ ಮೊದಲ ಹೆಂಡತಿಯ ಹೆಣ್ಣುಮಕ್ಕಳಾದ ಮೇರಿ ಮತ್ತು ಆ್ಯನ್ ಇಬ್ಬರೂ ನೀಲಿ, ಎರಡನೆಯ ಹೆಂಡತಿಯಾದ ಮೊಡೆನಾದ ಮೇರಿಯ ಮಗ ಕೆಂಪು. ಹಾಳೆಯ ಮೇಲೆ ಎಲ್ಲೆಲ್ಲಿ ಬಣ್ಣ ಬದಲಾಗುತ್ತದೆಯೋ ಅಲ್ಲೆಲ್ಲ ಒಂದು ಬಂಡಾಯವೋ ಸಂಚೋ ಶಾಸನವೋ ಇದ್ದೇ ಇರುತ್ತದೆ. ಪಠ್ಯದಲ್ಲಿ ಅದನ್ನು ಹುಡುಕಿ ಇಸವಿಯನ್ನು ಅಲ್ಲಿಯೇ ಗುರುತು ಹಾಕಿಕೊಳ್ಳಿರಿ.

ಮತದ ಬಗ್ಗೆ ಎಷ್ಟು ತಿಳಿದಿರಬೇಕು

ಪೋಪರನ್ನು ಸಭೆಯ ತಲೆಯೆಂದು ಒಪ್ಪುವುದು, ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ದೇಹವೂ ರಕ್ತವೂ ಆಗಿ ಮಾರ್ಪಡುತ್ತವೆಂದು ನಂಬುವುದು ಕ್ಯಾಥೊಲಿಕರ ಲಕ್ಷಣ; ಪ್ರೊಟೆಸ್ಟಂಟರು ಎರಡನ್ನೂ ಒಪ್ಪುವುದಿಲ್ಲ. ಎರಡನೆಯದನ್ನು ನೆನಪಿಟ್ಟುಕೊಳ್ಳಲು ಕಾರಣವಿದೆ: 1673ರ ಟೆಸ್ಟ್ ಶಾಸನವು ಸರಕಾರಿ ಹುದ್ದೆಯಲ್ಲಿರುವವರೆಲ್ಲ ಇದೇ ನಂಬಿಕೆಯನ್ನು ಅಲ್ಲಗಳೆದು ಘೋಷಣೆ ಮಾಡಬೇಕೆಂದಿತು. ಪ್ರೊಟೆಸ್ಟಂಟರಲ್ಲಿಯೂ ಬಿಷಪ್ಪರನ್ನು ಉಳಿಸಿಕೊಂಡ ಆಂಗ್ಲಿಕನ್ನರು ಬೇರೆ, ಇನ್ನೂ ಶುದ್ಧೀಕರಣ ಬೇಕೆಂದ ಪ್ಯೂರಿಟನ್ನರು ಬೇರೆ, ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು ಬೇರೆ ಎಂಬುದನ್ನು ಮರೆಯಬಾರದು. ಬೆಳಗಾವಿಯಲ್ಲಿ ಕ್ಯಾಥೊಲಿಕ್ ಬಿಷಪ್ಪರ ಪೀಠವೂ ಮೆಥಡಿಸ್ಟ್ ಸಭೆಯೂ ಇವೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ನಿನವರು ಕೆಲಸ ಮಾಡಿದ್ದರು. ಆರಾಧನೆಯ ಕ್ರಮವನ್ನು ಊಹಿಸಿ ಬರೆಯುವುದಕ್ಕಿಂತ ಜೊತೆಯಲ್ಲಿ ಓದುವ ಕ್ರೈಸ್ತ ಗೆಳೆಯರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಪಾಠ ಮಾಡುವವರಿಗೂ ಒಂದು ಸೂಚನೆ: ತರಗತಿಯಲ್ಲಿ ಎರಡೂ ಸಭೆಗಳ ಮಕ್ಕಳು ಕೂತಿರಬಹುದು, ನಾಲ್ಕು ನೂರು ವರ್ಷಗಳ ಹಿಂದಿನ ಬೈಗುಳಗಳನ್ನು ಅವರ ಮುಂದೆ ನಮ್ಮ ಮಾತೆಂಬಂತೆ ಆಡಬಾರದು.

ಹೆನ್ರಿಯ ಮದುವೆಯನ್ನು ಬಿಡಿಸುವುದು

ಬಹುತೇಕ ಉತ್ತರಗಳು ಹೆನ್ರಿಗೆ ಆ್ಯನ್ ಬೊಲಿನಳ ಮೇಲೆ ಮನಸ್ಸಾಯಿತು, ಪೋಪರು ಒಪ್ಪಲಿಲ್ಲ, ಆದ್ದರಿಂದ ಚರ್ಚು ಒಡೆಯಿತು ಎಂದು ಮುಗಿಯುತ್ತವೆ. ಇಲ್ಲಿ ಎರಡು ಸಂಗತಿ ಸೇರಿಸಿರಿ. ಹೆನ್ರಿ ಕೇಳಿದ್ದು ವಿಚ್ಛೇದನವನ್ನಲ್ಲ, ಮದುವೆಯೇ ಅಸಿಂಧುವೆಂಬ ತೀರ್ಪನ್ನು. ಏಕೆಂದರೆ ಕ್ಯಾಥರೀನಳು ಅವನ ಅಣ್ಣ ಆರ್ಥರನ ವಿಧವೆಯಾಗಿದ್ದಳು, ಆ ಮದುವೆಗೆ ಹಿಂದಿನ ಪೋಪರೊಬ್ಬರು ವಿಶೇಷ ಅನುಮತಿ ಕೊಟ್ಟಿದ್ದರು. ಮದುವೆ ಅಸಿಂಧುವಾದರೆ ಮಗಳು ಮೇರಿಯ ವಾರಸುದಾರಿಕೆಯೂ ಬಿದ್ದುಹೋಗುತ್ತದೆ. ಎರಡನೆಯದು, 1527ರಲ್ಲಿ ರೋಮನ್ನು ಲೂಟಿ ಮಾಡಿದ ಸೈನ್ಯ ಚಕ್ರವರ್ತಿ ಐದನೆಯ ಚಾರ್ಲ್ಸನದು, ಅವನು ಕ್ಯಾಥರೀನಳ ಅಕ್ಕನ ಮಗ. ಪೋಪ್ ಏಳನೆಯ ಕ್ಲೆಮೆಂಟರು ಹೆನ್ರಿಗೆ ಬೇಕಾದ ತೀರ್ಪು ಕೊಡುವ ಸ್ಥಿತಿಯಲ್ಲಿಯೇ ಇರಲಿಲ್ಲ. 1521ರಲ್ಲಿ ಲೂಥರನ ವಿರುದ್ಧ ಬರೆದು ಪೋಪರಿಂದ 'ಧರ್ಮರಕ್ಷಕ' ಎಂಬ ಬಿರುದು ಪಡೆದಿದ್ದ ಅದೇ ಹೆನ್ರಿ 1534ರ ಪರಮಾಧಿಕಾರ ಶಾಸನದಿಂದ ಇಂಗ್ಲೆಂಡಿನ ಚರ್ಚಿಗೆ ತಾನೇ ತಲೆಯಾದನು. ಒಪ್ಪದ ಅವನ ಮಾಜಿ ಮಂತ್ರಿ ಥಾಮಸ್ ಮೋರ್ 1535ರಲ್ಲಿ ತಲೆ ಕೊಟ್ಟನು.

ಆಮೇಲೆ ಜಮೀನಿನ ಪ್ರಶ್ನೆ. 1536ರಿಂದ 1540ರೊಳಗೆ ಇಂಗ್ಲೆಂಡಿನ ಸುಮಾರು 800 ಕ್ರೈಸ್ತ ಮಠಗಳನ್ನು ಮುಚ್ಚಿ, ಅವುಗಳ ಭೂಮಿಯನ್ನು ಅರಸೊತ್ತಿಗೆ ವಶಪಡಿಸಿಕೊಂಡು, ಹೆಚ್ಚಿನದನ್ನು ಸರದಾರರಿಗೂ ಸ್ಥಿತಿವಂತರಿಗೂ ಮಾರಿತು. ನಮ್ಮ ಕಡೆ ಗುಡಿಗೋ ದರ್ಗಾಕ್ಕೋ ಬಿಟ್ಟ ಇನಾಂ ಹೊಲವನ್ನು ಕೊಂಡು ಎರಡು ತಲೆಮಾರು ಉತ್ತು ಬಿತ್ತಿದ ಮನೆಯವರಿಗೆ ಹೊಲ ವಾಪಸು ಕೊಡಿರೆಂದರೆ ಏನಾಗುತ್ತದೆಂದು ಬಾಗಲಕೋಟೆಯ ಯಾವ ರೈತನನ್ನಾದರೂ ಕೇಳಿ ನೋಡಬಹುದು. ಹೆನ್ರಿಯ ಮಗಳು ಮೇರಿ ರಾಣಿಯಾಗಿ 1554ರಲ್ಲಿ ದೇಶವನ್ನು ಮತ್ತೆ ರೋಮಿಗೆ ಒಪ್ಪಿಸಿದಾಗ ಪಾರ್ಲಿಮೆಂಟು ಅದಕ್ಕೆ ಒಪ್ಪಿತಾದರೂ, ಮಠಗಳ ಜಮೀನು ಕೊಂಡವರಲ್ಲಿಯೇ ಉಳಿಯುತ್ತದೆ ಎಂಬ ಅಭಯವನ್ನು ಪೋಪರ ಪ್ರತಿನಿಧಿಯಿಂದ ಪಡೆದುಕೊಂಡ ಮೇಲೆಯೇ ಒಪ್ಪಿತು. ಇಷ್ಟನ್ನು ಬರೆದರೆ, ಮತ ಬದಲಾದರೂ ಪೂರ್ತಿ ಹಿಂದಕ್ಕೆ ಏಕೆ ಹೋಗಲಿಲ್ಲವೆಂಬುದಕ್ಕೆ ಬೇರೆ ವಾದ ಬೇಕಾಗುವುದಿಲ್ಲ.

1553: ಹುಟ್ಟಿನ ಹಕ್ಕು ಗೆದ್ದ ವರ್ಷ

ಹೆನ್ರಿ ಸಾಯುವ ಮೊದಲು, 1544ರ ಶಾಸನದಿಂದ, ಎಡ್ವರ್ಡನ ನಂತರ ಮೇರಿ, ಅವಳ ನಂತರ ಎಲಿಜಬೆತ್ ಎಂದು ಸರತಿ ನಿಗದಿಯಾಯಿತು. ವಿಚಿತ್ರವೆಂದರೆ ಹೆಣ್ಣುಮಕ್ಕಳಿಬ್ಬರ ಮೇಲಿದ್ದ ಅಕ್ರಮ ಸಂತಾನವೆಂಬ ಹಣೆಪಟ್ಟಿಯನ್ನು ತೆಗೆಯದೆಯೇ ಅವರನ್ನು ಸರತಿಗೆ ಸೇರಿಸಲಾಯಿತು. ಒಂಬತ್ತನೆಯ ವಯಸ್ಸಿಗೆ ದೊರೆಯಾದ ಎಡ್ವರ್ಡನ ಹೆಸರಿನಲ್ಲಿ ಆಡಳಿತ ನಡೆಸಿದವರು 1549 ಮತ್ತು 1552ರ ಪ್ರಾರ್ಥನಾ ಪುಸ್ತಕಗಳ ಮೂಲಕ ದೇಶವನ್ನು ನಿಜವಾದ ಅರ್ಥದಲ್ಲಿ ಪ್ರೊಟೆಸ್ಟಂಟ್ ಮಾಡಿದರು. ಹದಿನೈದರ ಹುಡುಗ ಸಾಯುವ ಸ್ಥಿತಿಗೆ ಬಂದಾಗ, ಕ್ಯಾಥೊಲಿಕಳಾದ ಅಕ್ಕನಿಗೆ ಗದ್ದುಗೆ ಹೋಗಬಾರದೆಂದು ಸೋದರ ಸಂಬಂಧಿ ಜೇನ್ ಗ್ರೇಯನ್ನು ವಾರಸುದಾರಳೆಂದು ಬರೆದಿಟ್ಟನು. 1553ರ ಜುಲೈಯಲ್ಲಿ ಜೇನಳ ಆಳ್ವಿಕೆ ಒಂಬತ್ತು ದಿನ ನಡೆಯಿತು. ಮೇರಿಯ ಹಿಂದೆ ಜನ ಕೂಡಿದರು, ಅವರಲ್ಲಿ ಪ್ರೊಟೆಸ್ಟಂಟರೂ ಇದ್ದರು. ಅವಳ ಪೂಜೆ ಯಾವುದಾದರೇನು, ಅವಳು ಹೆನ್ರಿಯ ಮಗಳು ಎಂಬುದೇ ಅವರಿಗೆ ಸಾಕಾಗಿತ್ತು. ಈ ಸಂಗತಿಯನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿರಿ, 1688ಕ್ಕೆ ಬಂದಾಗ ಇದರ ಎದುರಿಗೆ ಅದನ್ನು ಇಡಬೇಕಾಗುತ್ತದೆ.

ಮೇರಿಯ ಕಾಲದಲ್ಲಿ, 1555ರಿಂದ 1558ರೊಳಗೆ, ಸುಮಾರು 280 ಪ್ರೊಟೆಸ್ಟಂಟರನ್ನು ಸುಡಲಾಯಿತು. ಹೆನ್ರಿ ಮತ್ತು ಕ್ಯಾಥರೀನರ ಮದುವೆಯನ್ನು ಅಸಿಂಧುಗೊಳಿಸಿದ್ದ ಆರ್ಚ್‌ಬಿಷಪ್ ಕ್ರ್ಯಾನ್ಮರನು ಜೀವದಾಸೆಗೆ ತನ್ನ ಮತವನ್ನು ತೊರೆಯುವ ಪತ್ರಗಳಿಗೆ ಸಹಿ ಹಾಕಿದ್ದನು. 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಅವನನ್ನು ಸುಡುವ ದಿನ ಆ ಮಾತುಗಳನ್ನೆಲ್ಲ ಹಿಂತೆಗೆದುಕೊಂಡು, ಸಹಿ ಹಾಕಿದ ಬಲಗೈಯನ್ನೇ ಮೊದಲು ಬೆಂಕಿಗೆ ಚಾಚಿದನು. ಇದನ್ನು ಬರೆಯುವವರು ಎಲಿಜಬೆತಳ ಕಾಲವನ್ನೂ ಅದೇ ತೂಕದಲ್ಲಿ ಬರೆಯಬೇಕು: 1585ರ ಶಾಸನದ ಪ್ರಕಾರ ಹೊರದೇಶದಲ್ಲಿ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ ಇಂಗ್ಲೆಂಡಿನಲ್ಲಿ ಸಿಕ್ಕುವುದೇ ರಾಜದ್ರೋಹವಾಗಿತ್ತು, ನೂರಕ್ಕೂ ಹೆಚ್ಚು ಪಾದ್ರಿಗಳು ಕೊಲೆಯಾದರು. ಅವರಿಗೆ ಆಶ್ರಯ ಕೊಟ್ಟ ಆರೋಪಕ್ಕೆ ಉತ್ತರಿಸಲೊಪ್ಪದ ಯಾರ್ಕಿನ ಮಾರ್ಗರೆಟ್ ಕ್ಲಿದರೋ ಎಂಬ ಗೃಹಿಣಿಯನ್ನು 1586ರಲ್ಲಿ ಭಾರ ಹೇರಿ ಜಜ್ಜಿ ಕೊಂದರು. ಒಬ್ಬಳನ್ನು ರಕ್ತಪಿಪಾಸು, ಇನ್ನೊಬ್ಬಳನ್ನು ಸಹಿಷ್ಣು ಎಂದು ಕರೆದು ಮುಗಿಸುವ ಉತ್ತರ ಗೆದ್ದವರು ಬರೆಸಿದ ಉತ್ತರ.

ಎಲಿಜಬೆತ್ ಮತ್ತು ನಮ್ಮೂರಿನ ಸಮಕಾಲೀನರು

ಎಲಿಜಬೆತಳ ವ್ಯವಸ್ಥೆಗೆ 1559ರ ಎರಡು ಶಾಸನಗಳು ಬುನಾದಿ. ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ಸ್ ದಂಡ ಹಾಕಲಾಯಿತು. 1581ರಲ್ಲಿ ಅದು ತಿಂಗಳಿಗೆ 20 ಪೌಂಡಿಗೆ ಏರಿತು. ಈ ಏರಿಕೆಯ ನಡುವೆ 1570 ಬರುತ್ತದೆ. ಆ ವರ್ಷ ಪೋಪ್ ಐದನೆಯ ಪಿಯಸರು ಅವಳನ್ನು ಬಹಿಷ್ಕರಿಸಿ, ಪ್ರಜೆಗಳು ಅವಳಿಗೆ ವಿಧೇಯರಾಗಿರಬೇಕಿಲ್ಲವೆಂದು ಸಾರಿದರು. ಆ ಆಜ್ಞೆಯಿಂದ ಪ್ರತಿ ಕ್ಯಾಥೊಲಿಕನ ಮೇಲೂ ರಾಜದ್ರೋಹದ ಶಂಕೆ ಬಿತ್ತು. ಅವಳ ತಾಯಿಯ ಮದುವೆಯನ್ನೇ ಒಪ್ಪದವರ ಲೆಕ್ಕದಲ್ಲಿ ನ್ಯಾಯವಾದ ವಾರಸುದಾರಳು ಸ್ಕಾಟ್ಲೆಂಡಿನ ಮೇರಿ. 1568ರಲ್ಲಿ ಆಶ್ರಯ ಬೇಡಿ ಬಂದವಳು 19 ವರ್ಷ ಬಂಧನದಲ್ಲಿದ್ದು, ಎಲಿಜಬೆತಳನ್ನು ಕೊಲ್ಲಲು ಹೂಡಿದ ಬ್ಯಾಬಿಂಗ್ಟನ್ ಸಂಚಿನ ನಂತರ 1587ರ ಫೆಬ್ರುವರಿ 8ರಂದು ತಲೆ ಕಳೆದುಕೊಂಡಳು. ಮರುವರ್ಷವೇ ಸ್ಪೇನಿನ ಫಿಲಿಪ್ ತನ್ನ ನೌಕಾಪಡೆಯನ್ನು ಕಳಿಸಿದನು. ಈ ಫಿಲಿಪ್ ಹೆನ್ರಿಯ ಮಗಳು ಮೇರಿ ಟ್ಯೂಡರಳ ಗಂಡನಾಗಿದ್ದವನು, 1580ರಿಂದ ಪೋರ್ಚುಗಲ್ಲಿಗೂ ಅರಸನಾಗಿ, 1510ರಲ್ಲಿ ಆದಿಲಶಾಹಿಗಳಿಂದ ಕಸಿದ ಗೋವೆಯ ಒಡೆಯನೂ ಆಗಿದ್ದವನು. ನಮ್ಮ ಪಶ್ಚಿಮದ ಘಟ್ಟದಾಚೆಗೇ ಅವನ ಆಳ್ವಿಕೆ ಇತ್ತೆಂದು ಹೇಳಿದರೆ ಬೆಳಗಾವಿಯ ಹುಡುಗರು ತಟ್ಟನೆ ತಲೆ ಎತ್ತುತ್ತಾರೆ.

ವಿಜಯಪುರದವರಿಗೆ ಇದಕ್ಕಿಂತ ಹತ್ತಿರದ ಕೈಮರವಿದೆ. ಯೂಸುಫ್ ಆದಿಲ್ ಶಹಾ ಹದಿನಾರನೆಯ ಶತಮಾನದ ಆರಂಭದಲ್ಲಿ ಶಿಯಾ ಪದ್ಧತಿಯ ಖುತ್ಬಾ, ಅಂದರೆ ಶುಕ್ರವಾರದ ನಮಾಜಿನ ಪ್ರವಚನ, ಓದಿಸಿದನು. 1534ರ ಸುಮಾರಿಗೆ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ರಾಜ್ಯವನ್ನು ಸುನ್ನಿಗೆ ತಿರುಗಿಸಿದನು, 1558ರ ಸುಮಾರಿಗೆ ಬಂದ ಮೊದಲನೆಯ ಅಲಿ ಮತ್ತೆ ಶಿಯಾ ಮಾಡಿದನು, 1580ರಲ್ಲಿ ಅವನ ಕೊಲೆಯಾಗಿ ಎಳೆಯ ಎರಡನೆಯ ಇಬ್ರಾಹಿಂ ಬಂದ ಮೇಲೆ ಪುನಃ ಸುನ್ನಿಯಾಯಿತು. ಹೆನ್ರಿಯ ಪರಮಾಧಿಕಾರದ ವರ್ಷವೂ ಎಲಿಜಬೆತಳ ಪಟ್ಟದ ವರ್ಷವೂ ಇಲ್ಲಿಯ ಎರಡು ತಿರುವುಗಳಿಗೆ ಹೆಚ್ಚು ಕಡಿಮೆ ಸರಿಯಾಗಿ ಕೂಡುವುದು ಕೇವಲ ಕಾಕತಾಳೀಯ, ಆದರೆ ಇಸವಿ ನೆನಪಿಡಲು ಇದಕ್ಕಿಂತ ಒಳ್ಳೆಯ ಆಸರೆ ಸಿಕ್ಕದು. ಇಲ್ಲಿಯೂ ಪ್ರತಿ ತಿರುವಿನಲ್ಲಿ ಹುದ್ದೆಗಳು ಕೈ ಬದಲಿಸಿದವು. ಮೊದಲನೆಯ ಇಬ್ರಾಹಿಂ ಹೊರನಾಡಿನ ಆಫಾಕಿ ಸರದಾರರನ್ನು ತೆಗೆದು ದಖನಿಗಳನ್ನು ಸೇರಿಸಿಕೊಂಡನು. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಆದಿಲಶಾಹಿಯ ಬಹುಪಾಲು ಪ್ರಜೆಗಳು ಈ ಎರಡೂ ಪಂಥಗಳ ಹೊರಗಿನವರು, ಅವರ ಪೂಜೆ ಖುತ್ಬಾದ ಜೊತೆ ಬದಲಾಗಬೇಕಿರಲಿಲ್ಲ. ಇಂಗ್ಲೆಂಡಿನಲ್ಲಿ ಹಳ್ಳಿಯ ಕೊನೆಯ ಒಕ್ಕಲಿಗನೂ ಹೊಸ ಪುಸ್ತಕದಿಂದ ಪ್ರಾರ್ಥಿಸಬೇಕಿತ್ತು. ಮತಾಂತರವನ್ನು ಶಾಸನವಾಗಿಸುವ ಪಾರ್ಲಿಮೆಂಟೂ ಇಲ್ಲಿರಲಿಲ್ಲ.

ಸ್ಟುವರ್ಟರಲ್ಲಿ ಎಲ್ಲಿ ವೇಗವಾಗಿ ಓದಬೇಕು

ಎಲಿಜಬೆತಳ ನಂತರ ಬಂದ ಸ್ಟುವರ್ಟ್ ಮನೆತನದ ಮೊದಲನೆಯ ಜೇಮ್ಸನ ಕಾಲಕ್ಕೆ, ಅವನನ್ನೂ ಪಾರ್ಲಿಮೆಂಟನ್ನೂ ಸ್ಫೋಟಿಸಲು ಕ್ಯಾಥೊಲಿಕರು ಕೆಲವರು ಹೂಡಿದ 1605ರ ನವೆಂಬರ್ 5ರ ಸಿಡಿಮದ್ದಿನ ಸಂಚು ಸಾಕು: ಕೇಟ್ಸ್‌ಬಿ ಮುಂದಾಳು, ಗೈ ಫಾಕ್ಸ್ ಸಿಕ್ಕಿಬಿದ್ದವನು, ಪಾರ್ಲಿಮೆಂಟಿನ ಕೆಳಗಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದು. 1642ರ ಅಂತರ್ಯುದ್ಧವನ್ನು ಕ್ಯಾಥೊಲಿಕ್–ಪ್ರೊಟೆಸ್ಟಂಟ್ ಯುದ್ಧವೆಂದು ಬರೆಯಬಾರದು, ಎರಡೂ ಕಡೆ ಹೆಚ್ಚಿನವರು ಪ್ರೊಟೆಸ್ಟಂಟರೇ. ಆದರೂ ಮೊದಲನೆಯ ಚಾರ್ಲ್ಸನ ಕ್ಯಾಥೊಲಿಕ್ ರಾಣಿ, ಆರ್ಚ್‌ಬಿಷಪ್ ಲಾಡನ ಆಡಂಬರದ ಆರಾಧನೆ, 1641ರ ಐರ್ಲೆಂಡಿನ ಬಂಡಾಯ ಇವು ಪೋಪರ ಬಗೆಗಿನ ಜನರ ಭೀತಿಯನ್ನು ಕೆರಳಿಸಿದ್ದವು ಎಂದು ಸೇರಿಸಬಹುದು. 1649ರಲ್ಲಿ ದೊರೆಯ ತಲೆ ಹೋದದ್ದು, ಕ್ರಾಮ್‌ವೆಲ್, 1660ರ ಪುನಃಸ್ಥಾಪನೆ ಇವಕ್ಕೆ ಬೇರೆ ಅಧ್ಯಾಯವಿದೆ.

ನಿಧಾನಿಸಬೇಕಾದದ್ದು ಎರಡನೆಯ ಚಾರ್ಲ್ಸನಿಂದ. ಅವನು 1662ರಲ್ಲಿ ಪೋರ್ಚುಗಲ್ಲಿನ ಕ್ಯಾಥೊಲಿಕ್ ರಾಜಕುಮಾರಿ ಬ್ರಗಾಂಝಾದ ಕ್ಯಾಥರೀನಳನ್ನು ಮದುವೆಯಾದನು. ವರದಕ್ಷಿಣೆಯಲ್ಲಿ ಮುಂಬಯಿ ಬಂತು. 1668ರಲ್ಲಿ ಅದನ್ನು ವರ್ಷಕ್ಕೆ 10 ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟನು. ಬೆಳಗಾವಿ ಮತ್ತು ವಿಜಯಪುರ ಮುಂದೆ ಯಾವ ಮುಂಬಯಿ ಪ್ರಾಂತ್ಯದ ಜಿಲ್ಲೆಗಳಾದವೋ ಅದರ ಬೇರು ಈ ಮದುವೆಯಲ್ಲಿದೆ. ರಾಣಿಗೆ ಮಕ್ಕಳಾಗಲಿಲ್ಲ, ಹಾಗಾಗಿ ವಾರಸುದಾರಿಕೆ ತಮ್ಮ ಜೇಮ್ಸನಿಗೆ ಹೋಯಿತು. ಟೆಸ್ಟ್ ಶಾಸನ ಬಂದಾಗ ಜೇಮ್ಸ್ ಘೋಷಣೆ ಮಾಡಲೊಪ್ಪದೆ ನೌಕಾದಳದ ಮುಖ್ಯಸ್ಥನ ಹುದ್ದೆ ಬಿಟ್ಟನು, ಅವನು ಕ್ಯಾಥೊಲಿಕನೆಂಬುದು ಊರಿಗೆಲ್ಲ ತಿಳಿಯಿತು. 1678ರಲ್ಲಿ ಟೈಟಸ್ ಓಟ್ಸ್ ಎಂಬ ಸುಳ್ಳುಗಾರನು ದೊರೆಯನ್ನು ಕೊಂದು ಜೇಮ್ಸನನ್ನು ಪಟ್ಟಕ್ಕೇರಿಸುವ ಸಂಚಿದೆಯೆಂದು ಹಬ್ಬಿಸಿ, ಕೊನೆಗೆ ಮುಂಬಯಿ ತಂದ ರಾಣಿಯೇ ವಿಷ ಹಾಕಿಸಲಿದ್ದಳೆಂದು ಆರೋಪಿಸಿದನು. ನಿರಪರಾಧಿಗಳು ಹಲವರು ಗಲ್ಲಿಗೇರಿದರು. ಜೇಮ್ಸನನ್ನು ಸರತಿಯಿಂದ ತೆಗೆಯುವ ಮಸೂದೆಗಳು 1679ರಿಂದ 1681ರವರೆಗೆ ಬಂದು ಬಿದ್ದುಹೋದವು. ವಿಗ್ ಮತ್ತು ಟೋರಿ ಎಂಬ ಪಕ್ಷಗಳು ಹುಟ್ಟಿದ್ದು ಈ ಜಗಳದಲ್ಲಿ.

1688: ಒಂದು ಹೆರಿಗೆಯ ಕೋಣೆ

1685ರಲ್ಲಿ ಜೇಮ್ಸ್ ಪಟ್ಟಕ್ಕೆ ಬಂದಾಗ ಹೆಚ್ಚಿನವರು ಸುಮ್ಮನಿದ್ದರು. ಅವನಿಗೆ ಆಗಲೇ 51 ವರ್ಷ, ಮುಂದಿನ ಸರತಿ ಪ್ರೊಟೆಸ್ಟಂಟ್ ಹೆಣ್ಣುಮಕ್ಕಳದು, ಕೆಲವು ವರ್ಷ ತಡೆದುಕೊಂಡರೆ ತಾನಾಗಿ ಸರಿಹೋಗುತ್ತದೆ ಎಂಬುದು ಅವರ ಲೆಕ್ಕ. ಅವನು ಕ್ಯಾಥೊಲಿಕ್ ಅಧಿಕಾರಿಗಳನ್ನು ಸೈನ್ಯಕ್ಕೆ ಸೇರಿಸಿದಾಗ ಗೊಣಗಾಟವೆದ್ದರೂ ಆ ಲೆಕ್ಕ ಕೆಡಲಿಲ್ಲ. ಕೆಡಿಸಿದ್ದು 1688ರ ಜೂನ್ 10ರಂದು ಸೇಂಟ್ ಜೇಮ್ಸ್ ಅರಮನೆಯಲ್ಲಿ ಹುಟ್ಟಿದ ಗಂಡುಮಗು. ಆಗಿನ ಪದ್ಧತಿಯಂತೆ ರಾಣಿಯ ಹೆರಿಗೆಯ ಕೋಣೆಯಲ್ಲಿ ಆಸ್ಥಾನದ ಗಂಡಸರೂ ಹೆಂಗಸರೂ ಕಿಕ್ಕಿರಿದಿದ್ದರು. ಆದರೂ ಮಗು ರಾಣಿಯದಲ್ಲ, ಹಾಸಿಗೆ ಬೆಚ್ಚಗಾಗಿಸುವ ಉದ್ದ ಹಿಡಿಕೆಯ ಕೆಂಡದ ಪಾತ್ರೆಯಲ್ಲಿ ಬಚ್ಚಿಟ್ಟು ತಂದದ್ದು ಎಂಬ ಗಾಳಿಸುದ್ದಿ ಹಬ್ಬಿತು. ಮುಚ್ಚಳವಿರುವ ಆ ಪಾತ್ರೆಯೊಳಗೆ ಕೂಸು ಹಿಡಿಸುವುದೇ ಕಷ್ಟ. ಆದರೂ ಜನ ನಂಬಿದರು, ಜೇಮ್ಸನ ಮಗಳು ಆ್ಯನ್ ಕೂಡ ಸಂಶಯಪಟ್ಟಳು. ಅಕ್ಟೋಬರಿನಲ್ಲಿ ದೊರೆ ತನ್ನ ಪರಿಷತ್ತನ್ನು ಕರೆದು, ಕೋಣೆಯಲ್ಲಿದ್ದ ನಲವತ್ತಕ್ಕೂ ಹೆಚ್ಚು ಜನರ ಸಾಕ್ಷ್ಯ ಬರೆಸಿಕೊಳ್ಳಬೇಕಾಯಿತು. ಒಬ್ಬ ದೊರೆ ತನ್ನ ಮಗು ತನ್ನದೇ ಎಂದು ರುಜುವಾತು ಮಾಡಬೇಕಾದ ಈ ಸ್ಥಿತಿಯನ್ನು ನಾಲ್ಕು ಸಾಲಿನಲ್ಲಿಯಾದರೂ ಉತ್ತರದಲ್ಲಿ ತರಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ವಾರಸುದಾರಿಕೆಯೇ ಈ ಪೈಪೋಟಿಯ ಕೇಂದ್ರವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಇನ್ನೊಂದಿಲ್ಲ.

ಜೂನ್ 30ರ ಎರಡು ಏಳುಗಳನ್ನು ಕಲಸಬಾರದು. ದೊರೆಯ ಧಾರ್ಮಿಕ ವಿನಾಯಿತಿಯ ಘೋಷಣೆಯನ್ನು ಚರ್ಚುಗಳಲ್ಲಿ ಓದಿಸಲಾಗದೆಂದು ಮನವಿ ಕೊಟ್ಟು ವಿಚಾರಣೆಗೊಳಗಾಗಿ ಅಂದು ಬಿಡುಗಡೆಯಾದವರು ಏಳು ಬಿಷಪ್ಪರು; ಅದೇ ದಿನ ಆರೆಂಜಿನ ವಿಲಿಯಮನಿಗೆ ಬರಬೇಕೆಂದು ಗುಟ್ಟಾಗಿ ಪತ್ರ ಕಳಿಸಿದವರು ಬೇರೆಯೇ ಏಳು ಜನ. ವಿಲಿಯಂ ಜೇಮ್ಸನ ಅಕ್ಕನ ಮಗನೂ ಹೌದು, ಅಳಿಯನೂ ಹೌದು. ಸೋದರಸಂಬಂಧದ ಮದುವೆಗಳನ್ನು ಕಂಡ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ. ಅವನು ನವೆಂಬರ್ 5ರಂದು ಟೋರ್ಬೆಯಲ್ಲಿ ಇಳಿದನು, ಜೇಮ್ಸ್ ಡಿಸೆಂಬರಿನಲ್ಲಿ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದು ಓಡಿದನು, ಸಿಕ್ಕಿಬಿದ್ದನು, ಮತ್ತೆ ಓಡಲು ಬಿಟ್ಟರು. ಸಕ್ರಮವಾಗಿ ಹುಟ್ಟಿದ ಗಂಡುಮಗನನ್ನು ದಾಟಿ ಪಾರ್ಲಿಮೆಂಟು ವಿಲಿಯಂ ಮತ್ತು ಮೇರಿಗೆ ಜಂಟಿಯಾಗಿ ಪಟ್ಟ ಕೊಟ್ಟಿತು. 1689ರ ಹಕ್ಕುಗಳ ಮಸೂದೆ ಕ್ಯಾಥೊಲಿಕರೂ ಕ್ಯಾಥೊಲಿಕರನ್ನು ಮದುವೆಯಾದವರೂ ಗದ್ದುಗೆಗೆ ಅನರ್ಹರೆಂದಿತು. ಇದನ್ನು ರಕ್ತರಹಿತ ಕ್ರಾಂತಿ ಎಂದು ಬರೆಯುವವರು 'ಇಂಗ್ಲೆಂಡಿನ ಮಟ್ಟಿಗೆ' ಎಂದು ಸೇರಿಸಬೇಕು; ಐರ್ಲೆಂಡಿನಲ್ಲಿ 1690ರ ಬಾಯ್ನ್ ಕದನವೂ 1691ರ ಆಘ್ರಿಮ್ ಕದನವೂ ಇದರ ಬೆಲೆಯನ್ನು ತೆತ್ತವು.

ಇಸವಿಗಳ ಬಲೆ

ಬೇರೆ ಬೇರೆ ಪುಸ್ತಕಗಳಲ್ಲಿ ತಾರೀಖು ಹೊಂದದಿದ್ದರೆ ಗಾಬರಿಯಾಗಬೇಡಿರಿ. ಇಂಗ್ಲೆಂಡು 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗವನ್ನು ಬಳಸುತ್ತಿತ್ತು, ಹದಿನೇಳನೆಯ ಶತಮಾನದಲ್ಲಿ ಅದು ಯುರೋಪಿನ ಕ್ಯಾಥೊಲಿಕ್ ದೇಶಗಳಿಗಿಂತ 10 ದಿನ ಹಿಂದಿತ್ತು; ಹೊಸ ಪಂಚಾಂಗವನ್ನು ಪೋಪರು ತಂದರೆಂಬುದೂ ಅದನ್ನು ದೂರವಿಡಲು ಒಂದು ಕಾರಣ. ಮೇಲಾಗಿ ಅವರ ಹೊಸ ವರ್ಷ ಮಾರ್ಚ್ 25ಕ್ಕೆ, ಹೆಚ್ಚು ಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ, ಆರಂಭವಾಗುತ್ತಿತ್ತು. ಆದ್ದರಿಂದ ಮೊದಲನೆಯ ಚಾರ್ಲ್ಸನನ್ನು ಕೊಂದ ಜನವರಿ 30 ಅಂದಿನ ಕಾಗದಗಳಲ್ಲಿ 1648, ನಮ್ಮ ಪಠ್ಯದಲ್ಲಿ 1649. ಪರೀಕ್ಷೆಯಲ್ಲಿ ವರ್ಷವನ್ನು ಹೊಸ ಲೆಕ್ಕದಲ್ಲಿಯೂ ದಿನವನ್ನು ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲಿಯೂ ಬರೆಯುವುದು ರೂಢಿ, ನಾನು ಮೇಲೆ ಬಳಸಿರುವುದೂ ಅದನ್ನೇ.

ಉತ್ತರ ಬರೆಯುವಾಗ

ದೀರ್ಘ ಉತ್ತರವನ್ನು ಹೆನ್ರಿಯಿಂದ ಆರಂಭಿಸಿ ವರ್ಷಾನುಕ್ರಮವಾಗಿ ಎಳೆಯುತ್ತ ಹೋದರೆ ಎಲಿಜಬೆತಳಿಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಅದಕ್ಕಿಂತ ಜೇನ್ ಗ್ರೇಯ ಒಂಬತ್ತು ದಿನಗಳನ್ನು ಮೊದಲ ಪ್ಯಾರಾದಲ್ಲಿಟ್ಟು, ಕಾರಣಗಳಿಗಾಗಿ ಹಿಂದಕ್ಕೆ ಹೋಗಿ, ಪರಿಣಾಮಗಳಿಗಾಗಿ 1688ರ ಕಡೆಗೆ ನಡೆಯಿರಿ. ನಡುವೆ ಏನು ಬದಲಾಯಿತೆಂಬುದಕ್ಕೆ ನಾನು ಒಪ್ಪುವ ಕಾರಣಗಳು ಮೂರು: ಮಠದ ಜಮೀನು ಪಡೆದವರ ಹಿತ, 1570ರ ಆಜ್ಞೆಯ ನಂತರ ಕ್ಯಾಥೊಲಿಕ್ ಎಂದರೆ ಸ್ಪೇನಿನ ಅಥವಾ ಫ್ರಾನ್ಸಿನ ಕಡೆಯವನೆಂಬ ಭಾವನೆ, ಮತ್ತು ಈ ನಡುವೆ ಒಬ್ಬ ದೊರೆಯ ತಲೆಯನ್ನೇ ತೆಗೆದು ತನ್ನ ಬಲವನ್ನು ಕಂಡುಕೊಂಡ ಪಾರ್ಲಿಮೆಂಟು. ಮೂರನೆಯದಕ್ಕೆ ಹೆಚ್ಚು ತೂಕವಿದೆ. 1553ರಲ್ಲಿ ಸಾಯುತ್ತಿದ್ದ ಹುಡುಗನ ಕಾಗದ ಮಾಡಲಾಗದ್ದನ್ನು 1689ರಲ್ಲಿ ಶಾಸನ ಮಾಡಿತು.

ಕೊನೆಯ ಭಾಗಕ್ಕೆ 1701ರ ಆ್ಯಕ್ಟ್ ಆಫ್ ಸೆಟಲ್‌ಮೆಂಟ್ ಬೇಕು. 1700ರಲ್ಲಿ ಆ್ಯನ್‌ಳ ಮಗ 11ನೆಯ ವಯಸ್ಸಿಗೆ ತೀರಿಕೊಂಡದ್ದರಿಂದ ಪ್ರೊಟೆಸ್ಟಂಟ್ ಸರತಿ ಖಾಲಿಯಾಯಿತು; ರಕ್ತಸಂಬಂಧದಲ್ಲಿ ಹೆಚ್ಚು ಹತ್ತಿರದ ಐವತ್ತಕ್ಕೂ ಹೆಚ್ಚು ಕ್ಯಾಥೊಲಿಕರನ್ನು ದಾಟಿ ಹಾನೋವರಿನ ಸೋಫಿಯಾ ಮತ್ತು ಅವಳ ಪ್ರೊಟೆಸ್ಟಂಟ್ ಸಂತತಿಗೆ ಗದ್ದುಗೆ ಗೊತ್ತಾಯಿತು. ಅವಳು 1714ರ ಜೂನಿನಲ್ಲಿ ತೀರಿಕೊಂಡಳು, ಆ್ಯನ್ ಆಗಸ್ಟಿನಲ್ಲಿ. ಎರಡು ತಿಂಗಳ ಅಂತರದಲ್ಲಿ ರಾಣಿಯ ಪಟ್ಟ ತಪ್ಪಿ ಮಗ ಜಾರ್ಜ್ ಬಂದನು. ಜೇಮ್ಸನ ಮನೆಯವರ ಪರವಾಗಿ 1715 ಮತ್ತು 1745ರಲ್ಲಿ ಎದ್ದ ಬಂಡಾಯಗಳು 1746ರ ಏಪ್ರಿಲ್ 16ರಂದು ಸ್ಕಾಟ್ಲೆಂಡಿನ ಕಲೋಡನ್ ಕದನದಲ್ಲಿ ಮುಗಿದವು. 1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿತು. ಇಂದಿನ ಸ್ಥಿತಿಯನ್ನು ಕೇಳಿದರೆ ಎರಡು ಮಾತನ್ನೂ ಒಟ್ಟಿಗೆ ಬರೆಯಿರಿ: 2013ರ ಶಾಸನ, 2015ರ ಮಾರ್ಚಿನಲ್ಲಿ ಜಾರಿಗೆ ಬಂದು, ಕ್ಯಾಥೊಲಿಕರನ್ನು ಮದುವೆಯಾದವರ ಮೇಲಿನ ನಿಷೇಧವನ್ನು ತೆಗೆದಿದೆ, ಆದರೆ ಗದ್ದುಗೆಯ ಮೇಲೆ ಕೂರುವವರು ಸ್ವತಃ ಕ್ಯಾಥೊಲಿಕರಾಗಿರಬಾರದೆಂಬ 1701ರ ವಿಧಿ ಇನ್ನೂ ಹಾಗೆಯೇ ಇದೆ.